ಲೆಕ್ಕಪತ್ರದಲ್ಲಿ ಕಾಣದ ಆಸ್ತಿ: ಒಬ್ಬ ರಾಯಭಾರಿಯ ಹದಿನಾರು ವರ್ಷಗಳು

ವರ್ತಕನೊಬ್ಬ ಹಲವು ವರ್ಷಗಳ ಪ್ರಾಮಾಣಿಕ ವ್ಯವಹಾರದಿಂದ ಗಳಿಸಿದ ಹೆಸರಿಗೆ ಅಢಾವೆ ಪತ್ರಿಕೆಯಲ್ಲಿ ಸ್ಥಾನವಿಲ್ಲ. ಸಂಸ್ಥೆಯು ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನು ಆಸ್ತಿಯೆಂದು ತೋರಿಸಬಾರದೆಂಬುದು ಲೆಕ್ಕಪತ್ರ ಮಾನಕ 26ರ ನಿಯಮ. ಆದರೂ ಮಾರುಕಟ್ಟೆ ಕುಸಿದಾಗ ಸಾಲದ ಮೇಲೆ ಸರಕು ದೊರೆಯುವುದು ಆ ಹೆಸರಿನ ಬಲದಿಂದಲೇ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಬಲ್ಲ. ರಾಷ್ಟ್ರಗಳ ನಡುವಣ ವ್ಯಾಪಾರಕ್ಕೂ ಈ ಮಾತು ಅನ್ವಯಿಸುತ್ತದೆ. ಸಿಂಗಪುರದ ರಾಜ್ಯಶಾಸ್ತ್ರಜ್ಞೆ ಚಾನ್ ಹೆಂಗ್ ಚೀ ಅವರ ವೃತ್ತಿಜೀವನ ಇದಕ್ಕೆ ಉತ್ತಮ ನಿದರ್ಶನವಾಗಿದೆ.

1942ರಲ್ಲಿ ಜನಿಸಿದ ಚಾನ್ ಅವರು ಸಿಂಗಪುರ ವಿಶ್ವವಿದ್ಯಾನಿಲಯದಲ್ಲೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲೂ ವ್ಯಾಸಂಗ ಮಾಡಿ ಅಧ್ಯಾಪನ ವೃತ್ತಿಯನ್ನು ಕೈಗೊಂಡರು. ಸಿಂಗಪುರದಲ್ಲಿ ರಾಜಕಾರಣವೇ ಕರಗಿಹೋಗಿ ಕೇವಲ ಆಡಳಿತ ಉಳಿದಿದೆ ಎಂಬುದು 1975ರಲ್ಲಿ ಅವರು ಮಂಡಿಸಿದ ವಾದ. ಆಳುವ ಪಕ್ಷವು ತಳಮಟ್ಟದಲ್ಲಿ ಹೇಗೆ ಬೇರೂರಿದೆ ಎಂಬುದನ್ನು ವಿಶ್ಲೇಷಿಸಿದ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. 1984ರಲ್ಲಿ ಅವರು ಡೇವಿಡ್ ಮಾರ್ಷಲ್ ಅವರ ರಾಜಕೀಯ ಜೀವನಚರಿತ್ರೆಯನ್ನು ಹೊರತಂದರು. ಮಾರ್ಷಲ್ ಸಿಂಗಪುರದ ಪ್ರಥಮ ಮುಖ್ಯಮಂತ್ರಿ. ಮುಂದೆ ಆಳುವ ಪಕ್ಷದ ಪ್ರಬಲ ವಿರೋಧಿ.

ಇಂಥ ವಿಮರ್ಶಕರನ್ನು ದೂರವಿಡುವುದು ಸರ್ಕಾರಗಳ ಸಾಮಾನ್ಯ ರೂಢಿ. ಸಿಂಗಪುರ ಹಾಗೆ ಮಾಡಲಿಲ್ಲ. 1978ರಲ್ಲಿ ಮಾರ್ಷಲ್ ಅವರನ್ನೇ ಫ್ರಾನ್ಸಿಗೆ ರಾಯಭಾರಿಯಾಗಿ ಕಳುಹಿಸಿತು. 1989ರಲ್ಲಿ ಚಾನ್ ಅವರನ್ನು ವಿಶ್ವಸಂಸ್ಥೆಗೆ ಕಾಯಂ ಪ್ರತಿನಿಧಿಯನ್ನಾಗಿ ನೇಮಿಸಿ, 1996ರಲ್ಲಿ ಅಮೆರಿಕದ ರಾಯಭಾರವನ್ನೂ ಒಪ್ಪಿಸಿತು. ಮಾಲೀಕನ ಲೆಕ್ಕದಲ್ಲಿ ತಪ್ಪು ಹುಡುಕುವ ಗುಮಾಸ್ತನೇ ಆತನ ಪರವಾಗಿ ಮಾತನಾಡಿದರೆ ಎದುರು ಪಕ್ಷದವರು ನಂಬುತ್ತಾರೆ ಎಂಬ ವ್ಯವಹಾರಜ್ಞಾನ ಇದರಲ್ಲಿದೆ.

ಅವರು ವಾಷಿಂಗ್ಟನ್ನಿಗೆ ತೆರಳಿದ ಕಾಲ ಅನುಕೂಲಕರವಾಗಿರಲಿಲ್ಲ. 1994ರಲ್ಲಿ ಅಮೆರಿಕದ ತರುಣನೊಬ್ಬನಿಗೆ ಸಿಂಗಪುರದಲ್ಲಿ ಛಡಿಯೇಟಿನ ಶಿಕ್ಷೆಯಾಗಿ ಉಭಯ ದೇಶಗಳ ಸಂಬಂಧ ಹದಗೆಟ್ಟಿತ್ತು. ಅಲ್ಲಿಂದ ಆರಂಭಿಸಿ 2000ದ ನವೆಂಬರ್‌ನಲ್ಲಿ ಬ್ರೂನೈಯಲ್ಲಿ ಅಧ್ಯಕ್ಷ ಕ್ಲಿಂಟನ್ ಮತ್ತು ಪ್ರಧಾನಿ ಗೋ ಚೋಕ್ ಟಾಂಗ್ ಮಧ್ಯರಾತ್ರಿಯ ಗಾಲ್ಫ್ ಆಟದ ಬಳಿಕ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಗೆ ಸಮ್ಮತಿಸುವವರೆಗೆ ಸಂಬಂಧ ಸುಧಾರಿಸಿತು. ಎರಡೇ ತಿಂಗಳಲ್ಲಿ ಕ್ಲಿಂಟನ್ ನಿರ್ಗಮಿಸಿದರು, ಬುಷ್ ಬಂದರು, ಶ್ವೇತಭವನದ ಪಕ್ಷವೇ ಬದಲಾಯಿತು. ಸಿಂಗಪುರದ ರಾಯಭಾರಿ ಬದಲಾಗಲಿಲ್ಲ.

ಸಿಂಗಪುರ ಬಹುತೇಕ ಸರಕುಗಳಿಗೆ ಮೊದಲೇ ಆಮದು ಸುಂಕ ವಿಧಿಸುತ್ತಿರಲಿಲ್ಲವಾದ್ದರಿಂದ ಸುಂಕದ ಚೌಕಾಶಿಯಲ್ಲಿ ಬಿಟ್ಟುಕೊಡಲು ಅದರ ಬಳಿ ಹೆಚ್ಚೇನೂ ಇರಲಿಲ್ಲ. ಮುಖ್ಯ ಸಂಧಾನಕಾರರಾದ ಟಾಮಿ ಕೋ ಕೂಡ ಕಾನೂನು ಪ್ರಾಧ್ಯಾಪಕರು, ವಾಷಿಂಗ್ಟನ್ನಿನಲ್ಲಿ ಹಿಂದೆ ರಾಯಭಾರಿಯಾಗಿದ್ದವರು. 1992ರಿಂದ ನಿಷೇಧಿತವಾಗಿದ್ದ ಚೂಯಿಂಗ್ ಗಮ್ ಕೂಡ ಚೌಕಾಶಿಯ ವಸ್ತುವಾಯಿತು. ಔಷಧೀಯ ಬಗೆಯ ಗಮ್ ಮಾರಾಟಕ್ಕೆ ಸಿಂಗಪುರ ಒಪ್ಪಬೇಕಾಯಿತು. ಒಂದು ಕ್ಷೇತ್ರದ, ಒಂದು ಕಂಪನಿಯ ಹಿತವೂ ಅಮೆರಿಕದ ಸಂಸತ್ತಿನಲ್ಲಿ ಎಷ್ಟು ತೂಗುತ್ತದೆ ಎಂಬುದು ರಾಜ್ಯಶಾಸ್ತ್ರ ಬಲ್ಲವರಿಗೆ ಹೊಸತಲ್ಲ. 2003ರ ಮೇ 6ರಂದು ಸಹಿಯಾದ ಒಪ್ಪಂದವು 2004ರ ಜನವರಿ 1ರಿಂದ ಜಾರಿಗೆ ಬಂದಿತು. ಚಾನ್ 2012ರವರೆಗೆ ಅದೇ ಹುದ್ದೆಯಲ್ಲಿ ಮುಂದುವರಿದು ಮೂವರು ಅಧ್ಯಕ್ಷರ ಆಡಳಿತವನ್ನು ಕಂಡರು.

ಅದೇ ಹದಿನಾರು ವರ್ಷಗಳಲ್ಲಿ ಭಾರತದ ರಾಯಭಾರಿಗಳಾಗಿ ವಾಷಿಂಗ್ಟನ್ನಿನಲ್ಲಿ ನರೇಶ್ ಚಂದ್ರ, ಲಲಿತ್ ಮಾನ್‌ಸಿಂಗ್, ರೊನೆನ್ ಸೇನ್, ಮೀರಾ ಶಂಕರ್, ನಿರುಪಮಾ ರಾವ್ ಹೀಗೆ ಐವರು ಇದ್ದರು. ಇವರೆಲ್ಲರೂ ಸಮರ್ಥರೇ, ಪರಮಾಣು ಒಪ್ಪಂದದಂಥ ಸಾಧನೆಯೂ ಆ ಅವಧಿಯದೇ. ಪ್ರಶ್ನೆ ವ್ಯಕ್ತಿಗಳದ್ದಲ್ಲ, ಪದ್ಧತಿಯದು. ಮೂರು ವರ್ಷಕ್ಕೊಮ್ಮೆ ಮಾರಾಟ ಪ್ರತಿನಿಧಿಯನ್ನು ಬದಲಿಸುವ ಸಂಸ್ಥೆಯು ಪ್ರತಿ ಬಾರಿಯೂ ಗಿರಾಕಿಯ ಪರಿಚಯವನ್ನು ಹೊಸದಾಗಿ ಆರಂಭಿಸಬೇಕಾಗುತ್ತದೆ. ವಿದ್ವಾಂಸರನ್ನು ರಾಯಭಾರಕ್ಕೆ ಕಳುಹಿಸುವ ಪರಂಪರೆ ಭಾರತಕ್ಕೂ ಅಪರಿಚಿತವಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ಡಾ. ರಾಧಾಕೃಷ್ಣನ್ 1949ರಿಂದ 1952ರವರೆಗೆ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದರು. ಆ ಪರಂಪರೆ ಕ್ರಮೇಣ ಕ್ಷೀಣಿಸಿತು.

ಗುಡ್‌ವಿಲ್ ಎಲ್ಲ ವಿಪತ್ತಿಗೂ ವಿಮೆಯಲ್ಲ ಎಂಬುದನ್ನೂ ಒಪ್ಪಬೇಕು. 2025ರ ಏಪ್ರಿಲ್‌ನಲ್ಲಿ ಅಮೆರಿಕವು ಮುಕ್ತ ವ್ಯಾಪಾರ ಒಪ್ಪಂದವಿದ್ದ ಸಿಂಗಪುರದ ಮೇಲೂ ಶೇ. 10ರ ಸುಂಕ ವಿಧಿಸಿತು. ಆದರೆ ಅದು ಎಲ್ಲರಿಗೂ ಅನ್ವಯಿಸಿದ ಕನಿಷ್ಠ ದರ; ಸಿಂಗಪುರದೊಡನೆ ಅಮೆರಿಕಕ್ಕೆ ವ್ಯಾಪಾರ ಮಿಗತೆ ಇದ್ದುದೂ ನೆರವಾಗಿರಬಹುದು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕ ಶೇ. 50ಕ್ಕೆ ಏರಿದಾಗ, ಸಿದ್ಧ ಉಡುಪಿನ ಸಣ್ಣ ತಯಾರಕನಿಗೆ ತನ್ನ ಅಳಲನ್ನು ವಾಷಿಂಗ್ಟನ್ನಿನಲ್ಲಿ ಯಾರ ಮೂಲಕ ಮುಟ್ಟಿಸಬೇಕೆಂಬುದೇ ತಿಳಿದಿರಲಿಲ್ಲ.

ಆದ್ದರಿಂದ ವಾಣಿಜ್ಯೋದ್ಯಮ ಸಂಸ್ಥೆಗಳು ಬಜೆಟ್ ಪೂರ್ವ ಮನವಿಗಳಲ್ಲಿ ತೆರಿಗೆ ರಿಯಾಯಿತಿಯ ಜೊತೆಗೆ ಇನ್ನೆರಡು ಬೇಡಿಕೆಗಳನ್ನೂ ಸೇರಿಸುವುದು ಸೂಕ್ತ. ಪ್ರಮುಖ ಮಾರುಕಟ್ಟೆಗಳಲ್ಲಿರುವ ರಾಯಭಾರ ಕಚೇರಿಗಳ ವಾಣಿಜ್ಯ ವಿಭಾಗದ ಅಧಿಕಾರಿಗಳಿಗೆ ಕನಿಷ್ಠ ಆರು ವರ್ಷಗಳ ಅವಧಿ ದೊರೆಯಬೇಕು. ಆ ದೇಶಗಳ ರಾಜಕೀಯವನ್ನು ಅಧ್ಯಯನ ಮಾಡಿದ ವಿದ್ವಾಂಸರಿಗೆ, ಅವರು ಸರ್ಕಾರವನ್ನು ಟೀಕಿಸಿದವರಾಗಿದ್ದರೂ, ಈ ಸೇವೆಯ ಬಾಗಿಲು ತೆರೆದಿರಬೇಕು.

ಉಳಿದ ಒಂದು ಕೆಲಸಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ವಾಣಿಜ್ಯ ನಿಯೋಗಗಳು ವಿದೇಶಕ್ಕೆ ಹೋಗಿ ಬರುತ್ತವೆ, ಭೇಟಿ ಚೀಟಿಗಳು ವಿನಿಮಯವಾಗುತ್ತವೆ, ಮರುವರ್ಷ ಹೊಸ ಪದಾಧಿಕಾರಿಗಳು ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳುತ್ತಾರೆ. ಹಿಂದಿನ ನಿಯೋಗ ಯಾರನ್ನು ಕಂಡಿತು, ಏನು ಮಾತಾಯಿತು ಎಂಬ ದಾಖಲೆ ಬಹುತೇಕ ಕಡೆ ಇರುವುದಿಲ್ಲ. ಸರ್ಕಾರದಿಂದ ನಿರಂತರತೆಯನ್ನು ಕೇಳುವ ವರ್ತಕ ಸಮುದಾಯವು ಆ ಖಾತೆಯನ್ನು ಮೊದಲು ತನ್ನಲ್ಲಿಯೇ ತೆರೆಯಬೇಕು.