ಫ್ಯಾನ್ ಕ್ಲಚ್‌ಗೆ ವೆಲ್ಡಿಂಗ್ ಹೊಡೆಯೋ ಬುದ್ಧಿವಂತರಿಗೆ
ಚಿಂತಾಮಣಿ ಮಾರ್ಕೆಟ್‌ಗೆ ಟೊಮೆಟೊ ತುಂಬೋಕೆ ಬರೋ ಹತ್ತು ಚಕ್ರದ ಲಾರಿಗಳ ಕ್ಯಾಬಿನ್ ಎತ್ತಿಸಿ ನೋಡಿ. ಫ್ಯಾನ್ ಕ್ಲಚ್ಚಿಗೆ ವೆಲ್ಡಿಂಗ್ ಹೊಡೆದು 'ಡೈರೆಕ್ಟ್' ಮಾಡಿರೋವು ಸಿಕ್ತವೆ. "ಇನ್ನು ಬಿಸಿ ಆಗೋದೇ ಇಲ್ಲ ಬಿಡಣ್ಣ" ಅಂತಾರೆ. ಆಗಲ್ಲ, ನಿಜ. ಡೀಸೆಲ್ ಏನು ಕೆರೆ ನೀರಾ?

ಆ ಕ್ಲಚ್ ಒಳಗಿರೋದು ಸಿಲಿಕಾನ್ ಎಣ್ಣೆ. ರೇಡಿಯೇಟರ್ ದಾಟಿ ಬರೋ ಗಾಳಿ ಬಿಸಿಯಾದ್ರೆ ಮುಂದಿರೋ ಜೋಡಿ ಲೋಹದ ಪಟ್ಟಿ ಬಾಗಿ ಎಣ್ಣೆಗೆ ದಾರಿ ಬಿಡ್ತದೆ, ಫ್ಯಾನ್ ಜೋರಾಗ್ತದೆ. ತಣ್ಣಗಿದ್ರೆ ಜಾರ್ತದೆ. ವೆಲ್ಡಿಂಗ್ ಹೊಡೆದ ಮೇಲೆ ಬೆಳಗಿನ ಜಾವದ ಚಳೀಲೂ ಪೂರಾ ಓಟ. ಫ್ಯಾನ್ ವೇಗ 2 ಪಟ್ಟಾದ್ರೆ ಅದು ತಿನ್ನೋ ಶಕ್ತಿ 8 ಪಟ್ಟು. ಆ ಖರ್ಚು ಕ್ರೇಟ್ ಬಾಡಿಗೇಲಿ ನಮ್ಮ ತಲೆಗೇ.

ಪರೀಕ್ಷೆ ಸುಲಭ. ಇಂಜಿನ್ ಆರಿಸಿ, ಕೀ ಜೇಬಿಗಿಟ್ಕೊಂಡು, ತಣ್ಣಗಾದ ಮೇಲೆ ಕೈಲಿ ತಿರುಗಿಸಿ. ಸ್ವಲ್ಪ ಹಿಡಿತ ಇರಬೇಕು. ಗಿರಗಿಟ್ಲೆ ಥರ ಸುತ್ತಿದ್ರೆ, ಅಲ್ಲಾಡಿದ್ರೆ, ನಡುವಿಂದ ಎಣ್ಣೆ ಸೋರಿದ್ರೆ ಬದಲಾಯಿಸಿ. ರೆಕ್ಕೆ ತರುವಾಗ ಹಳೇದನ್ನ ಅಂಗಡೀಗೆ ಒಯ್ಯಿರಿ: ಅಡ್ಡಳತೆ, ರೆಕ್ಕೆಗಳ ಲೆಕ್ಕ, ತಿರುಗೋ ದಿಕ್ಕು ಮೂರೂ ಕೂಡಬೇಕು. ಬಿರುಕು ಬಿಟ್ಟ ರೆಕ್ಕೆಗೆ ಅಂಟು ಮೆತ್ತಿ ಓಡಿಸೋರು ಒಂದಿನ ರೇಡಿಯೇಟರನ್ನೂ ಕಳ್ಕೊಳ್ತಾರೆ.

ಸುತ್ತಲ ಶ್ರೌಡನ್ನ ಅಡ್ಡ ಅಂತ ಕಿತ್ತೆಸೆಯೋರೂ ಇದ್ದಾರೆ! ಅದಿಲ್ಲದಿದ್ರೆ ಫ್ಯಾನ್ ಇಂಜಿನ್ ಪಕ್ಕದ ಬಿಸಿಗಾಳೀನೇ ಸುತ್ತಾಡಿಸ್ತದೆ. ನಿಂತಲ್ಲೇ ದುಡಿಯೋ ಬೋರ್‌ವೆಲ್ ಗಾಡಿಗಂತೂ ಎದುರುಗಾಳೀನೂ ಇಲ್ಲ, ಫ್ಯಾನೇ ಗತಿ.

ದಾರೀಲಿ ಕ್ಲಚ್ ಕೈಕೊಟ್ಟಾಗ ಬೋಲ್ಟ್ ಬಿಗಿದು ಊರು ಸೇರೋದು ಸರಿ. ಊರು ಸೇರಿದ ಮೇಲೂ ಅದನ್ನೇ ಬಿಟ್ಕೊಂಡು, ಡೀಸೆಲ್ ಸಾಲ್ತಿಲ್ಲ ಅಂತ ಬಾಡಿಗೆ ಏರಿಸೋ ಲಾರಿಗೆ ನಾನಂತೂ ಹಣ್ಣು ತುಂಬಿಸಲ್ಲ.