ಬಿಟ್ಟ ತಿನಿಸು, ಬಿಡದ ಸ್ನೇಹ

ಮಹಾತ್ಮಾ ಗಾಂಧೀಜಿಯವರ ವಿದ್ಯಾರ್ಥಿಜೀವನವನ್ನು ಬೋಧಿಸುವಾಗ ಅಧ್ಯಾಪಕರಾದ ನಾವು ಒಂದು ಪ್ರಸಂಗವನ್ನು ತಪ್ಪದೆ ಹೇಳುತ್ತೇವೆ. ವಿಲಾಯಿತಿಗೆ ಹೊರಟ ಮಗನಿಂದ ತಾಯಿ ಪುತಲೀಬಾಯಿಯವರು, ಮದ್ಯ ಮಾಂಸ ಪರಸ್ತ್ರೀಯರನ್ನು ಮುಟ್ಟೆನೆಂದು, ಬೇಚರ್‌ಜೀ ಎಂಬ ಜೈನ ಸಾಧುಗಳ ಸಮ್ಮುಖದಲ್ಲಿ ಮಾತು ಪಡೆದರು. ಮಗ ಅದನ್ನು ಉಳಿಸಿಕೊಂಡ. ನಮ್ಮ ಪಾಠ ಇಲ್ಲಿಗೆ ಮುಗಿಯುತ್ತದೆ. ವಿದ್ಯಾರ್ಥಿಯ ಐದು ಅಂಕಗಳ ಉತ್ತರವೂ ಇಲ್ಲಿಗೇ ಮುಗಿಯುತ್ತದೆ. ಆ ಮಾತಿನ ದಾರಿಯಲ್ಲಿ ಆ ತರುಣನ ನಾಲಗೆ ಏನೇನನ್ನು ಬಿಟ್ಟಿತು, ಹೃದಯ ಯಾರನ್ನು ಬಿಡಲಿಲ್ಲ ಎಂಬ ಭಾಗ ಮಾತ್ರ ನಮ್ಮ ಬಾಯಿಂದ ಬರುವುದು ಅಪರೂಪ.

ಇದನ್ನು ಈಗ ಎತ್ತಲು ಕಾರಣವುಂಟು. ಮಠದ ನೆರಳಿನಲ್ಲಿ ಅಕ್ಷರ ಕಲಿತ ಮಕ್ಕಳು ಇಂದು ಕಡಲಾಚೆಗೆ ಉನ್ನತ ವ್ಯಾಸಂಗಕ್ಕೆ ತೆರಳುತ್ತಿದ್ದಾರೆ. ಅಂಥವರಿಗೆ ವಿದ್ಯಾರ್ಥಿವೇತನ ಕೊಡುವಾಗ ಆಹಾರನಿಯಮದ ಪ್ರತಿಜ್ಞೆಯನ್ನೂ ಬರೆಯಿಸಿಕೊಳ್ಳಬೇಕೆಂದು ಹೇಳುವ ಹಿತೈಷಿಗಳುಂಟು. ಅವರು ನಿದರ್ಶನಕ್ಕೆ ತರುವುದು ಗಾಂಧೀಜಿಯವರನ್ನೇ. ಅವರ ಕಾಳಜಿಗೆ ನನ್ನ ಗೌರವ ಸಲ್ಲುತ್ತದೆ. ಸೂಚನೆಯನ್ನು ಮಾತ್ರ ನಾನು ಒಪ್ಪಲಾರೆ.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗೇರಿದಾಗ ಮೋಹನದಾಸನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಲಂಡನ್ನಿನ ಮೊದಲ ದಿನಗಳು ಹಸಿವಿನ ದಿನಗಳು. ಬೆಳಗಿನ ಓಟ್ ಗಂಜಿಯಿಂದ ಹೇಗೋ ಹೊಟ್ಟೆ ತುಂಬುತ್ತಿತ್ತು. ಉಳಿದ ಹೊತ್ತಿಗೆ ಮಸಾಲೆಯ ಸೋಂಕಿಲ್ಲದೆ ಬೇಯಿಸಿದ ಸೊಪ್ಪು, ಎರಡು ಮೂರು ಚೂರು ಬ್ರೆಡ್ಡು, ಜಾಮು. ಮತ್ತಷ್ಟು ಕೇಳಲು ಸಂಕೋಚ. ಇಳಿದುಕೊಂಡ ಮನೆಯೊಡತಿಯ ಇಬ್ಬರು ಹೆಣ್ಣುಮಕ್ಕಳು ಕನಿಕರದಿಂದ ಒಂದೆರಡು ಚೂರು ಹೆಚ್ಚಾಗಿ ನೀಡುತ್ತಿದ್ದರು. ಇಡೀ ಬ್ರೆಡ್ಡಿಗಿಂತ ಕಡಿಮೆಯಾದುದು ತನ್ನ ಹೊಟ್ಟೆಗೆ ಸಾಲದೆಂಬುದು ಆ ಮಕ್ಕಳಿಗೇನು ಗೊತ್ತು! ಸುಮಾರು ಮೂವತ್ತೈದು ವರ್ಷಗಳ ಬಳಿಕ ಆತ್ಮಕಥೆ ಬರೆಯುವಾಗಲೂ ಗಾಂಧೀಜಿ ಆ ಒಂದೆರಡು ಚೂರುಗಳನ್ನು ಮರೆತಿರಲಿಲ್ಲ. 

ಆಗ ಜೊತೆಗಿದ್ದ ಒಬ್ಬ ಸ್ನೇಹಿತನ ಕಥೆ ಇನ್ನೂ ಸ್ವಾರಸ್ಯವಾದುದು. ಮಾಂಸ ತಿನ್ನದಿದ್ದರೆ ಈ ಹುಡುಗ ಕೃಶನಾಗುತ್ತಾನೆ, ಆಂಗ್ಲ ಸಮಾಜದಲ್ಲಿ ಸಲ್ಲದವನಾಗುತ್ತಾನೆ ಎಂಬುದು ಆತನ ಪ್ರಾಮಾಣಿಕ ಕಳವಳ. ವಾದಿಸಿ ನೋಡಿದ, ಬೆಂಥಾಮ್ ಪಂಡಿತನ ಗ್ರಂಥವನ್ನೂ ಓದಿ ಕೇಳಿಸಿದ. ಒಮ್ಮೆ ನಾಟಕಕ್ಕೆಂದು ಕರೆದು, ಅದಕ್ಕೆ ಮುನ್ನ ಹೋಬರ್ನ್ ಎಂಬ ಭವ್ಯ ಭೋಜನಗೃಹಕ್ಕೆ ಕರೆದೊಯ್ದ. ಅಷ್ಟು ಜನರ ನಡುವೆ ಹುಡುಗ ತುಟಿ ಬಿಚ್ಚಲಾರನೆಂದು ಅವನ ಎಣಿಕೆ. ಸೂಪು ಬಂತು. ಅದು ಯಾವುದರಿಂದ ಮಾಡಿದ್ದೆಂದು ಕೇಳಲು ಗಾಂಧಿ ಪರಿಚಾರಕನನ್ನು ಕರೆದದ್ದೇ ತಡ, ಸ್ನೇಹಿತ ಕೆರಳಿದ. ಸಭ್ಯರ ಪಂಕ್ತಿಗೆ ನೀನು ತಕ್ಕವನಲ್ಲ, ಬೇರೆಲ್ಲಾದರೂ ಉಂಡು ಹೊರಗೆ ಕಾಯುತ್ತಿರು ಎಂದುಬಿಟ್ಟ. ಗಾಂಧಿ ಎದ್ದು ಹೊರಟರು. ಸಮೀಪದ ಶಾಕಾಹಾರದ ಅಂಗಡಿ ಮುಚ್ಚಿತ್ತು. ಆ ರಾತ್ರಿ ಉಪವಾಸ. ಆದರೂ ಸ್ನೇಹಿತನೊಡನೆ ನಾಟಕಕ್ಕೆ ಹೋದರು! ನಡೆದುದನ್ನು ಇಬ್ಬರೂ ಎತ್ತಲಿಲ್ಲ. ಆತನ ಗದರಿಕೆಯ ಹಿಂದೆ ಪ್ರೀತಿಯಿತ್ತೆಂದು ಕಂಡುಕೊಂಡ ಗಾಂಧೀಜಿಗೆ ಭಿನ್ನಾಭಿಪ್ರಾಯದ ಕಾರಣದಿಂದಲೇ ಆತನ ಮೇಲಿನ ಗೌರವ ಹೆಚ್ಚಿತಂತೆ. ಅಷ್ಟೇ ಅಲ್ಲ, ಸ್ನೇಹಿತನ ಸಮಾಧಾನಕ್ಕಾಗಿಯಾದರೂ ನಾಗರಿಕನಾಗಬೇಕೆಂದು ಹೊಸ ಪೋಷಾಕು ತೊಟ್ಟು ನೃತ್ಯವನ್ನೂ ಪಿಟೀಲನ್ನೂ ಕಲಿಯಹೊರಟರು. ಅದೃಷ್ಟವಶಾತ್ ಆ ಹುಚ್ಚು ಬೇಗ ಇಳಿಯಿತು.

ಇನ್ನು ಬಿಟ್ಟ ತಿನಿಸುಗಳು. ಮನೆಯಿಂದ ಬಂದಿದ್ದ ಮಿಠಾಯಿ ಮಸಾಲೆಗಳನ್ನು ಅವರು ತಾವಾಗಿಯೇ ತೊರೆದರು. ಇವನ್ನು ತಾಯಿ ನಿಷೇಧಿಸಿರಲಿಲ್ಲವೆಂಬುದನ್ನು ಗಮನಿಸಬೇಕು. ಹಿಂದೆ ಸಪ್ಪೆಯೆನಿಸಿದ್ದ ಅದೇ ಬೆಂದ ಸೊಪ್ಪು ಆಮೇಲೆ ರುಚಿಸತೊಡಗಿತು. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂಬುದು ಅವರಿಗೆ ಮನವರಿಕೆಯಾಯಿತು. ಮುಂದೆ, ತಾಯಿಯ ದೃಷ್ಟಿಯಲ್ಲಿ ಮೊಟ್ಟೆಯೂ ಮಾಂಸವೇ ಎಂಬುದನ್ನು ನೆನೆದು ಅದನ್ನು ಬಿಟ್ಟಾಗ, ನಾಲಗೆಗೆ ಆಗತಾನೆ ಹಿಡಿಸಿದ್ದ ಪುಡಿಂಗು ಕೇಕುಗಳೂ ಅದರೊಂದಿಗೆ ಹೋದವು. ಶಾಕಾಹಾರಿಗಳ ಭೋಜನಗೃಹದಲ್ಲಿಯೂ ಒಂದೊಂದು ಭಕ್ಷ್ಯದಲ್ಲಿ ಏನಿದೆಯೆಂದು ಕೇಳಿಯೇ ಕೈಯಿಡಬೇಕಾಯಿತು.

ಹಿತೈಷಿಗಳು ಕೇಳಬಹುದು: ಇದೆಲ್ಲವೂ ಪ್ರತಿಜ್ಞೆಯ ಫಲವೇ ಅಲ್ಲವೆ? ಅರ್ಧ ಮಾತ್ರ ಹೌದು. ಫ್ಯಾರಿಂಗ್‌ಡನ್ ಬೀದಿಯ ಶಾಕಾಹಾರದ ಭೋಜನಗೃಹದಲ್ಲಿ ಒಂದು ಶಿಲಿಂಗ್ ತೆತ್ತು ಹೆನ್ರಿ ಸಾಲ್ಟ್‌ನ ಪುಸ್ತಕವನ್ನು ಕೊಂಡು ಓದುವವರೆಗೂ, ಭಾರತೀಯರೆಲ್ಲ ಮಾಂಸ ತಿನ್ನಬೇಕು, ಮುಂದೊಂದು ದಿನ ತಾನೂ ಬಹಿರಂಗವಾಗಿ ತಿನ್ನಬೇಕು ಎಂಬ ಆಸೆ ಅವರ ಒಳಗೆ ಇದ್ದೇ ಇತ್ತು. ತಾಯಿಯ ಮಾತು ಕೈಯನ್ನು ತಡೆದಿತ್ತು. ಮನಸ್ಸು ತಿರುಗಿದುದು ಓದಿನಿಂದ. ‘ವ್ರತ’ ಶಬ್ದವನ್ನು ಆರಿಸಿಕೊಳ್ಳುವುದೆಂಬ ಅರ್ಥದ ‘ವೃ’ ಧಾತುವಿನಿಂದ ಸಾಧಿಸುವವರುಂಟು. ಅದು ಸರಿಯಾದರೆ ಸಾಲ್ಟ್‌ನನ್ನು ಓದಿದ ಮೇಲೆಯೇ ಅವರದು ವ್ರತವಾಯಿತೆನ್ನಬೇಕು. ಕೈಯನ್ನು ತಡೆಯುವ ಬಲವಾದರೂ ಬಂದದ್ದು ಮಾತು ಕೇಳಿದವಳು ಹೆತ್ತ ತಾಯಿಯಾದುದರಿಂದ. ಹಣ ಕೊಟ್ಟವರಿಗೆ ಬರೆದುಕೊಟ್ಟ ಕಾಗದಕ್ಕೆ ಆ ಬಲ ಬರುವುದಿಲ್ಲ. ಅದು ಕಂಡಾಗ ಪಾಲನೆಯನ್ನೂ ಕಾಣದಾಗ ಕಪಟವನ್ನೂ ಕಲಿಸೀತು.

ಕಾಗದದ ವ್ರತಕ್ಕೆ ಇನ್ನೂ ಒಂದು ದೋಷವುಂಟು. ಅದು ಪಕ್ಕದವನ ತಟ್ಟೆಯ ಮೇಲೆ ಕಣ್ಣಿಡಿಸುತ್ತದೆ. ಪರದೇಶದಲ್ಲಿ ಜ್ವರ ಬಂದ ರಾತ್ರಿ ಗಂಜಿ ಕಾಯಿಸಿಕೊಡುವವನು ಬೇರೆ ಆಹಾರ ಉಣ್ಣುವ ಕೊಠಡಿಯ ಜೊತೆಗಾರನೇ ಆಗಿರಬಹುದು. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಲ ಕೇಳದೆ ಉಂಡು ಬೆಳೆದ ಹುಡುಗ ಅಲ್ಲಿ ಅವನನ್ನು ಹೀಗಳೆದರೆ, ನಾವು ಇಲ್ಲಿ ಬಡಿಸಿದುದು ಬರಿಯ ಅನ್ನವಾಯಿತಲ್ಲವೆ? ತಾಯಂದಿರು ಗಂಟು ಕಟ್ಟಿ ಕಳಿಸುವ ಶೇಂಗಾ ಹೋಳಿಗೆ, ಕರದಂಟುಗಳನ್ನು ಅವನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬಾಗಿಲು ಮುಚ್ಚಿಕೊಂಡು ತಿನ್ನದಿರಲಿ.

ಆದುದರಿಂದ ದಾನಿಗಳಲ್ಲಿ ನನ್ನ ಬಿನ್ನಹವಿಷ್ಟು: ಕಾಗದ ಬೇಡ. ಹೊರಡುವ ವಿದ್ಯಾರ್ಥಿಯ ಕೈಯಲ್ಲಿ ಆತ್ಮಕಥೆಯ ಒಂದು ಪ್ರತಿಯನ್ನಿಡಿ. ಅಧ್ಯಾಪಕ ಬಂಧುಗಳು ಆ ನಾಟಕದ ರಾತ್ರಿಯನ್ನೂ ಪಾಠಕ್ಕೆ ಸೇರಿಸಿಕೊಳ್ಳಲಿ. ಸೇರಿಸುವವರು ಇದನ್ನೂ ಹೇಳಬಹುದು. 1891ರ ಜೂನಿನಲ್ಲಿ, ಬ್ಯಾರಿಸ್ಟರಾಗಿ ಸ್ವದೇಶಕ್ಕೆ ಹೊರಡುವ ಮುನ್ನ, ಗಾಂಧೀಜಿ ತಮ್ಮ ಶಾಕಾಹಾರಿ ಮಿತ್ರರಿಗೆ ಔತಣವಿತ್ತರು. ಅದಕ್ಕೆ ಆರಿಸಿಕೊಂಡ ಸ್ಥಳ ಅದೇ ಹೋಬರ್ನ್ ಭೋಜನಗೃಹ. ಅಣಿಮಾಡಿಕೊಂಡು ಬಂದಿದ್ದ ಭಾಷಣ ಎದ್ದು ನಿಂತಾಗ ಮರೆತುಹೋಯಿತು. ಕರೆಗೆ ಓಗೊಟ್ಟು ಬಂದುದಕ್ಕೆ ಮಿತ್ರರಿಗೆ ಒಂದು ಮಾತಿನಲ್ಲಿ ಕೃತಜ್ಞತೆ ಹೇಳಿ ಕುಳಿತುಬಿಟ್ಟರು.