ಪ್ಯಾಕೇಜ್ ಬೇಡ, ಕೈಗೆ ಬರುವ ಸಂಬಳ ಹೇಳಿ

ಸಿಇಟಿ ಫಲಿತಾಂಶ ಬಂತೆಂದರೆ ಶಿವಮೊಗ್ಗದ ರವೀಂದ್ರನಗರದಂಥ ಬಡಾವಣೆಗಳ ಮನೆಮನೆಯಲ್ಲೂ ಒಂದೇ ವಿಚಾರಣೆ: ಯಾವ ಕಾಲೇಜಿನಲ್ಲಿ ಎಷ್ಟು ಲಕ್ಷದ ಪ್ಯಾಕೇಜ್ ಆಗಿದೆ? ಕಾಲೇಜುಗಳ ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿರುವುದು ಆ ವರ್ಷದ ಅತಿ ದೊಡ್ಡ ಆಫರ್. ಅದು ಸಿಗುವುದು ಒಬ್ಬಿಬ್ಬರಿಗೆ. ಉಳಿದವರಿಗೆ ಎಷ್ಟು ಸಿಕ್ಕಿತು ಎಂದು ಯಾರೂ ಬರೆಸುವುದಿಲ್ಲ. ನಾಲ್ಕು ವರ್ಷ ಕಳೆದು ಅದೇ ಮಕ್ಕಳು ಸಂಬಳದ ಮಾತೆತ್ತಿದರೆ ‘ಈಗಿನ ಹುಡುಗರಿಗೆ ಆಸೆ ಜಾಸ್ತಿ’ ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಆ ಆಸೆ ಹುಟ್ಟಿಸಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ.

2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿ ಹೊಸ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ರೂಪಾಯಿ ಎಂದಾಗ ದೇಶದ ತುಂಬ ಗಲಾಟೆಯಾಯಿತು. ಅದು ಮೂರು ವರ್ಷದ ಪದವಿಯವರಿಗೆ, ಎಂಜಿನಿಯರುಗಳಿಗೆ ನಾಲ್ಕು ಲಕ್ಷದಿಂದ ಶುರು ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ಗಲಾಟೆ ತಣ್ಣಗಾಯಿತು. ಆದರೆ ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿ ತಿಂಗಳಿಗೆ 21,000ದಲ್ಲಿ ಬೆಂಗಳೂರಿನಲ್ಲಿ ಬದುಕಬೇಕು ಎನ್ನುವುದು ಯಾವ ನ್ಯಾಯ?

ಎಂಜಿನಿಯರಿನ ಲೆಕ್ಕವನ್ನೂ ನೋಡೋಣ. ಎಷ್ಟೋ ಕಂಪನಿಗಳ ಆಫರ್ ಲೆಟರಿನಲ್ಲಿ 3.6 ಲಕ್ಷ ಎಂದಿರುತ್ತದೆ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಎಂದುಕೊಳ್ಳುತ್ತಾರೆ ಅಪ್ಪ. ಆ ಮೊತ್ತದೊಳಗೇ ಕಂಪನಿ ಕಟ್ಟುವ ಪಿಎಫ್ ಇದೆ, ಗ್ರಾಚ್ಯುಟಿ ಇದೆ, ವಿಮೆಯ ಕಂತಿದೆ. ಎಷ್ಟೋ ಕಡೆ, ಬಂದರೆ ಬಂತು ಎನ್ನುವಂಥ ವೇರಿಯಬಲ್ ಪೇ ಕೂಡ ಇದೆ. ಹುಡುಗನ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದರೆ ಕೈಗೆ ಬರುವುದು 25,000ದ ಆಸುಪಾಸು. ಪಿಜಿ ಬಾಡಿಗೆ, ಊಟ, ಬಸ್ಸು, ಶಿಕ್ಷಣ ಸಾಲದ ಕಂತು ಎಲ್ಲವೂ ಅದರಲ್ಲೇ. ಹತ್ತು ವರ್ಷದ ಹಿಂದೆಯೂ ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುತ್ತಿದ್ದುದು ಮೂರು, ಮೂರೂವರೆ ಲಕ್ಷವೇ. ಬಾಡಿಗೆಯೂ ಕಾಲೇಜಿನ ಫೀಸೂ ಅಲ್ಲೇ ನಿಂತಿವೆಯೇ?

ಭದ್ರಾವತಿಯವರಿಗೆ ಈ ನೋವು ಇನ್ನೂ ಹತ್ತಿರದ್ದು. ಐಟಿಐ, ಡಿಪ್ಲೊಮಾ ಓದಿದವರಿಗೆ ಕಾಯಂ ಕೆಲಸ, ಕ್ವಾರ್ಟರ್ಸ್ ಕೊಟ್ಟು ಸಂಸಾರಗಳನ್ನು ನಿಲ್ಲಿಸಿದ ಊರು ಅದು. ಎಂಪಿಎಂ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 1923ರಲ್ಲಿ ಶುರುವಾದ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅಂಥ ಮನೆಗಳ ಮಕ್ಕಳು ಸಾಲ ಮಾಡಿ ಎಂಜಿನಿಯರಿಂಗ್ ಸೇರುವುದು ಫ್ಲೆಕ್ಸನ್ನು ನಂಬಿ. ಅವರ ನಿರೀಕ್ಷೆಯನ್ನು ದುರಾಸೆ ಎನ್ನುವುದು ಕ್ರೌರ್ಯ.

ಮಕ್ಕಳು ಏನೂ ಕಲಿಯದೆ ಬರುತ್ತಾರೆ ಎಂಬ ಕಂಪನಿಗಳ ದೂರು ಸುಳ್ಳಲ್ಲ. ಆ ದೂರು ಸಲ್ಲಬೇಕಾದದ್ದು ಫೀಸು ತೆಗೆದುಕೊಂಡ ಕಾಲೇಜಿಗೆ. ದಂಡ ತೆರುವವರು ಮಾತ್ರ ಮಕ್ಕಳು. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್, ಪರೀಕ್ಷೆ ಪಾಸಾಗಲಿಲ್ಲವೆಂದು ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೇನಿಗಳನ್ನು ಮನೆಗೆ ಕಳುಹಿಸಿತು. ಅವರಲ್ಲಿ ಹಲವರು ಆಫರ್ ಹಿಡಿದು ಎರಡು ವರ್ಷ ಕಾದಿದ್ದವರು.

ಸರ್ಕಾರವೂ ಸಮಸ್ಯೆಯನ್ನು ಒಪ್ಪಿಕೊಂಡಿದೆ. ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಎರಡು ವರ್ಷದ ತನಕ. ಅದು ಬೇಕು. ಆದರೆ ಸೀಟು ಆರಿಸಿಕೊಳ್ಳುವ ಮೊದಲೇ ನಿಜ ಹೇಳಲು ಸರ್ಕಾರಕ್ಕೆ ಖರ್ಚೇನೂ ಇಲ್ಲ.

ಸಿಇಟಿ ಸೀಟು ಹಂಚುವ ಕೆಇಎಯ ಆಪ್ಷನ್ ಎಂಟ್ರಿ ಪುಟದಲ್ಲಿ ಪ್ರತಿ ಕಾಲೇಜಿನ, ಪ್ರತಿ ಬ್ರಾಂಚಿನ ಎದುರಿಗೆ ಎರಡು ಅಂಕಿ ಇರಲಿ: ಪಾಸಾದವರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರ ಕೈಗೆ ಎಷ್ಟು ಬರುತ್ತದೆ. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಹೋಗುವ ಕಾಲೇಜುಗಳು ಇಂಥ ನಡುವಿನ ಸಂಬಳದ ಲೆಕ್ಕವನ್ನು ಈಗಾಗಲೇ ಕೊಡುತ್ತಿವೆ. ಕೋಚಿಂಗ್ ಸೆಂಟರುಗಳ ಸುಳ್ಳು ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿತು. ಅಂಥದೇ ಕಟ್ಟುನಿಟ್ಟು ಕಾಲೇಜುಗಳಿಗೂ ಬರಲಿ.

ಅಲ್ಲಿಯವರೆಗೆ ತಂದೆ ತಾಯಂದಿರು ಒಂದು ಕೆಲಸ ಮಾಡಿ. ಫೀಸು ಕಟ್ಟುವ ಮೊದಲು ಮಕ್ಕಳು ಸೇರುವ ಬ್ರಾಂಚಿನಲ್ಲಿ ಹೋದ ವರ್ಷ ಎಷ್ಟು ಜನರಿಗೆ ಎಷ್ಟು ಸಂಬಳದ ಕೆಲಸ ಸಿಕ್ಕಿತು ಎಂಬ ಪೂರ್ತಿ ಪಟ್ಟಿ ಕೇಳಿ, ಬರಹದಲ್ಲೇ ಕೇಳಿ. ಕೊಡದ ಕಾಲೇಜಿಗೆ ಮಕ್ಕಳನ್ನು ಸೇರಿಸಬೇಡಿ.